ಹುಣಸೆಸಾಲಿಗೆ ಅರಿಸಿನ ಹಚ್ಚಿದ ಬೇಸಿಗೆ

ಈ ಪ್ರಸಂಗ ನಡೆದದ್ದು ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ ಮೇಲೆ ಎಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಬರೆಯಲು ಕುಳಿತಾಗ ಆ ನಂಬಿಕೆ ನಿಲ್ಲಲಿಲ್ಲ. ಜಿಲ್ಲೆ ರೂಪುಗೊಂಡದ್ದು 1997ರ ಆಗಸ್ಟ್‌ನಲ್ಲಿ. ನಮ್ಮ ಕಡತವಾದರೋ ಒಂದೊಂದು ಸಹಿಗೂ ಮೈಸೂರಿಗೆ ಓಡಾಡುತ್ತಿತ್ತು. ಮೊದಲ ಸಲ ಈ ಪ್ರಸಂಗದ ಊರಿಗೆ ಹೋದಾಗ ಹುಣಸೆ ಹಣ್ಣಾಗಿ ನಿಂತಿತ್ತು, ಶಿವರಾತ್ರಿ ಹತ್ತಿರ ಬಂದಿತ್ತು. ಕೊನೆಯ ಸಲ ಹೋದಾಗ ಲೋಕಸಭಾ ಚುನಾವಣೆಯ ಗೋಡೆಬರಹಗಳು ಇನ್ನೂ ಮಾಸಿರಲಿಲ್ಲ, ಮುಂಗಾರು ಆಗಷ್ಟೇ ಕಾಲಿಟ್ಟಿತ್ತು. 1998ರ ಚುನಾವಣೆಯಾಗಿದ್ದರೆ ಮತದಾನ ಬೇಸಿಗೆಗೆ ಮುಂಚೆಯೇ ಮುಗಿದುಹೋಗುತ್ತಿತ್ತು. ಆದ್ದರಿಂದ ಇದು 1996ರ ಬೇಸಿಗೆ. ಇಷ್ಟನ್ನು ನಿಶ್ಚಯವಾಗಿ ಹೇಳಬಲ್ಲೆ.

ನಾನಾಗ ಮೈಸೂರಿನ ಒಂದು ಸಂಶೋಧನ ಸಂಸ್ಥೆಯಲ್ಲಿ ಸಾಲುಮರಗಳ ಮೇಲೆ ಕೆಲಸ ಮಾಡುತ್ತಿದ್ದೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ, ತೆರಕಣಾಂಬಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಒಂದು ಊರು ಸಿಗುತ್ತದೆ. ಆ ಊರಿನ ಕೆಳಗಿನ ಬೀದಿಗೆ ಕುಡಿಯುವ ನೀರಿರಲಿಲ್ಲ. ಹೆಂಗಸರು ರಸ್ತೆ ದಾಟಿ, ಯಾರದೋ ತೋಟದ ಪಂಪ್‌ಸೆಟ್ ಓಡುವ ಹೊತ್ತಿಗೆ ಕಾದು ಕೊಡ ತುಂಬಿಸಿಕೊಳ್ಳುತ್ತಿದ್ದರು. ತೆರಕಣಾಂಬಿಯ ದಿಕ್ಕಿಗೆ, ಮರಡಿ ಗುಡ್ಡದ ಕೆಳಗೆ ಹೊಸದಾಗಿ ಕೊರೆದ ಬೋರ್‌ವೆಲ್ಲಿನಲ್ಲಿ ಒಳ್ಳೆಯ ನೀರು ಬಿದ್ದಿತ್ತು. ಪರೀಕ್ಷೆಗೆಂದು ಮೋಟಾರನ್ನೂ ಇಳಿಸಿದ್ದರು. ಅಲ್ಲಿಂದ ಬೀದಿಗೆ ಪೈಪು ಎಳೆಯಬೇಕು, ಅಷ್ಟೆ. ಆದರೆ ಪೈಪು ಹೋಗಬೇಕಾದದ್ದು ರಾಜ್ಯ ಹೆದ್ದಾರಿಯ ಅಂಚಿನಲ್ಲಿ. ಅಲ್ಲಿ ಗುದ್ದಲಿ ಹಾಕಲು ರಸ್ತೆಯ ಉಸ್ತುವಾರಿ ನೋಡುವ ಕಚೇರಿಯ ಅನುಮತಿ ಬೇಕು. ಅನುಮತಿಗೆ ಪರಿಸರ ಅಧ್ಯಯನದ ವರದಿ ಬೇಕು.

ಪರಿಸರ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿದ ಕೇಂದ್ರದ ಅಧಿಸೂಚನೆ ಹೊರಬಿದ್ದದ್ದು 1994ರ ಜನವರಿಯಲ್ಲಿ. ಅದರ ಪಟ್ಟಿಯಲ್ಲಿದ್ದದ್ದು ಅಣೆಕಟ್ಟು, ಗಣಿ, ಕಾರ್ಖಾನೆಗಳಂಥ ದೊಡ್ಡ ಯೋಜನೆಗಳು. ಒಂದು ಬೀದಿಯ ನೀರಿನ ಪೈಪು ಖಂಡಿತ ಅಲ್ಲ. ಆದರೆ ಆ ಮಾತು ಒಮ್ಮೆ ಕಚೇರಿಗಳೊಳಗೆ ಬಂದಮೇಲೆ ಕೆಳಗಿನವರೆಗೂ ಇಳಿದಿತ್ತು. ರಸ್ತೆಯ ಎರಡೂ ಬದಿ ಹಳೆಯ ಹುಣಸೆಮರಗಳ ಸಾಲು. ಅವುಗಳ ಬೇರು ಕಡಿದರೆ ಯಾರು ಹೊಣೆ ಎಂಬ ಭಯ ಕಚೇರಿಗೆ ಇದ್ದದ್ದು ತಪ್ಪೇನಲ್ಲ. ಹಾಗಾಗಿ ಒಂದು ಷರತ್ತಿನ ಹಾಳೆ ಸಿದ್ಧವಾಗಿತ್ತು: ರಸ್ತೆಯ ಮೇರೆಯೊಳಗಿನ ಪ್ರತಿ ಮರಕ್ಕೂ ಸಂಖ್ಯೆ ಹಾಕಿ ಜಾತಿ, ಸುತ್ತಳತೆ ದಾಖಲಿಸಬೇಕು, ಕೆರೆ, ಬಾವಿ, ಶಾಲೆ, ಪೂಜಾಸ್ಥಳಗಳನ್ನು ನಕ್ಷೆಯಲ್ಲಿ ತೋರಿಸಬೇಕು, ಸ್ಥಳೀಯರ ಅಭಿಪ್ರಾಯ ಕೇಳಬೇಕು, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಬಂದು ನೋಡಬೇಕು. ನಾನು ಅದಕ್ಕಾಗಿ ನೇಮಕಗೊಂಡವನು.

ನನ್ನನ್ನು ತೆರಕಣಾಂಬಿಯ ಬಸ್ ನಿಲ್ದಾಣದಲ್ಲಿ ಎದುರುಗೊಂಡದ್ದು ಆ ಬೀದಿಯ ಗ್ರಾಮ ಪಂಚಾಯಿತಿ ಸದಸ್ಯೆ. ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದದ್ದು 1993ರಲ್ಲಿ. ಆ ವರ್ಷದ ಕೊನೆಗೆ ನಡೆದ ಚುನಾವಣೆಯಲ್ಲಿ ಮಹಿಳಾ ಮೀಸಲಿನ ಸ್ಥಾನದಿಂದ ಗೆದ್ದವರು. ಮೂವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಣ್ಣುಮಗಳು. ಊರಿಗೆ ನಡೆಯುತ್ತ ಮೊದಲು ಆಡಿದ ಮಾತೇ ಇದು:

"ಸಾ, ಮಾರ್ಚಿ ಮುಗಿಯಾದ್ರೊಳ್ಗೆ ಪರ್ಮಿಶನ್ ಬರ್ನಿಲ್ಲ ಅಂದ್ರ ಪೈಪಿಗ ಬಂದ ದುಡ್ಡು ವಾಪಸ್ ಓಯ್ತದ. ಆಮೇಲ ಎಲೆಕ್ಷನ್ನು. ಆಮೇಲ ಯಾರ್ನ ಕೇಳದು? ಓಟ್ ಕೇಳಾಗ ನಾನು ಎರಡೇ ಮಾತ್ ಏಳಿದ್ದೆ ಸಾ, ಒಂದು ಬೀದಿ ದೀಪ, ಇನ್ನೊಂದು ನಲ್ಲಿ. ದೀಪ ಬಂದದ, ಕೆಟ್ಟೂ ಓಗದ. ಈಗ ನಲ್ಲಿನೂ ಬರ್ದೆ ಓದ್ರ ಆ ಬೀದೀಲಿ ನಾನು ಮೊಕ ಎತ್ತಾಕಾಗಲ್ಲ."

"ಅಧ್ಯಯನ ಬೇಗ ಮುಗಿಯುತ್ತದಮ್ಮ" ಎಂದೆ.

"ಅದೇನ್ ಅದ್ಯಯ್ನ ಮಾಡ್ತೀರೋ ಮಾಡಿ. ಮರಕ್ಕ ಜ್ವರ ಬಂದದ ಅಂತ ಮಾತ್ರ ಬರೀಬೇಡಿ."

ಆ ದಿನ ಮತ್ತು ಮರುದಿನ ನಾನೂ ನನ್ನ ಇಬ್ಬರು ಸಹಾಯಕರೂ ಮರಗಳಿಗೆ ಸಂಖ್ಯೆ ಹಾಕಿದೆವು. ತೊಗಟೆಯ ಮೇಲೆ ಸುಣ್ಣದ ಒಂದು ಪಟ್ಟಿ, ಅದರ ಮೇಲೆ ಕೆಮ್ಮಣ್ಣಿನಿಂದ ಅಂಕಿ. ಸಾಲಿನಲ್ಲಿ ಹುಣಸೆಯೇ ಹೆಚ್ಚು. ನಡುನಡುವೆ ಬೇವು, ಹೊಂಗೆ, ಮೋರಿಯ ಪಕ್ಕದಲ್ಲೊಂದು ಆಲ. ಮರದಡಿ ಕುಳಿತ ಹೆಂಗಸರು ಹುಣಸೆಯ ಓಡು ಬಿಡಿಸಿ, ಬೀಜ ಕುಟ್ಟಿ ತೆಗೆಯುತ್ತಿದ್ದರು. ವರ್ಷವರ್ಷವೂ ಈ ಸಾಲಿನ ಫಸಲನ್ನು ಹರಾಜು ಹಾಕುವುದು ಪದ್ಧತಿ. ಆ ವರ್ಷ ಕೂಗಿ ಹಿಡಿದಿದ್ದವರು ಚಾಮರಾಜನಗರದ ಒಬ್ಬ ವ್ಯಾಪಾರಿ. ಬೀಜ ತೆಗೆಯುವ ಕೂಲಿಯೆಲ್ಲ ಈ ಬೀದಿಯ ಹೆಂಗಸರದೇ. ನಾವು ಸುಣ್ಣ ಬಳಿಯುವಾಗ ಅವರು ಕೈ ನಿಲ್ಲಿಸಿ ನೋಡಿದರು. ಯಾರೂ ಏನೂ ಕೇಳಲಿಲ್ಲ.

ಎರಡನೆಯ ದಿನ ಸಂಜೆ ಶಾಲೆಯ ಜಗುಲಿಯಲ್ಲಿ ಸ್ಥಳೀಯರ ಅಭಿಪ್ರಾಯ ಸಭೆ ಸೇರಿತು. ಬಂದವರೆಲ್ಲ ಗಂಡಸರು. ನಾನು ಷರತ್ತುಗಳನ್ನು ಒಂದೊಂದಾಗಿ ವಿವರಿಸಿದೆ. ಅವರು ಒಂದೊಂದಕ್ಕೂ "ಎಲ್ಲ ಸರ್ಯಾಗದ ಸಾ" ಎಂದರು. ಸದಸ್ಯೆ ಆ ಹೊತ್ತಿಗೆ ಹೊರಟುಹೋಗಿದ್ದರು. ಶಿವರಾತ್ರಿಗೆ ತವರಾದ ಹರದನಹಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪಿಸಿಕೊಳ್ಳುವಂತಿರಲಿಲ್ಲ. ನಾನೂ ಮೈಸೂರಿಗೆ ಹಿಂದಿರುಗಿದೆ.

ಹಬ್ಬ ಕಳೆದು ಮತ್ತೆ ಬಂದಾಗ ಬಸ್ಸಿನ ಕಿಟಕಿಯಿಂದಲೇ ಸಾಲು ಬೇರೆ ಬಣ್ಣವಾಗಿ ಕಂಡಿತು. ಇಳಿದು ನೋಡಿದೆ. ನಮ್ಮ ಸಂಖ್ಯೆ ಬಿದ್ದಿದ್ದ ಪ್ರತಿಯೊಂದು ಮರದ ಬುಡಕ್ಕೂ ಅರಿಸಿನ ಮೆತ್ತಿತ್ತು. ಆ ಸೀಮೆಯಲ್ಲಿ ಅದು ಅರಿಸಿನ ಕಿತ್ತು ಬೇಯಿಸುವ ಕಾಲ, ಮನೆಮನೆಯಲ್ಲೂ ರಾಶಿ. ಅರಿಸಿನದ ನಡುವೆ ಕುಂಕುಮದ ಬೊಟ್ಟು, ಕಾಂಡಕ್ಕೆ ಹಳದಿ ದಾರ, ಬೇರಿನ ಸಂದಿಯಲ್ಲಿ ಎಲೆಯ ಮೇಲೆ ಅರಿಸಿನದ ಪುಟ್ಟ ಗೋಪುರದಂಥ ಮುದ್ದೆ, ಅದರ ನೆತ್ತಿಗೆ ಗರಿಕೆ. ಅದು ಬೆನಕ. ಯಾವ ಪೂಜೆ ಹಿಡಿದರೂ ಮೊದಲು ಕೂರಿಸುವ ದೇವರು. ಹೀಗೆ ಮರಕ್ಕೊಂದು ಬೆನಕ, ಸಾಲಿನುದ್ದಕ್ಕೂ.

ಆಲದ ಹತ್ತಿರ ಒಂದು ಲಾರಿ ನಿಂತಿತ್ತು. ಫಸಲು ಕೂಗಿ ಹಿಡಿದಿದ್ದ ಹುಣಸೆಯ ಗುತ್ತಿಗೆದಾರರು ಚಪ್ಪಲಿ ಬಿಟ್ಟು, ಸೊಂಟಕ್ಕೆ ಕೈಯಿಟ್ಟು ಮರ ನೋಡುತ್ತಿದ್ದರು. ಮನೆಯಲ್ಲಿ ಉರ್ದು ಆಡುವವರಾದರೂ ವ್ಯಾಪಾರದ ಕನ್ನಡ ಅವರ ನಾಲಿಗೆಯ ಮೇಲೆ ಸರಾಗವಾಗಿತ್ತು.

"ನಂಬರ್ ಹೊಡ್ದಿರೋ ಸಾಹೇಬ್ರು ನೀವೇನಾ? ನಿಮ್ಮಿಂದ ನನ್ ಹುಣಸೆಹಣ್ಣು ದೇವಸ್ಥಾನ ಸೇರ್ಬಿಡ್ತು ನೋಡಿ. ಹತ್ತೋರು ಹತ್ತಲ್ಲ ಅಂತಾರೆ. ಚಪ್ಲಿ ಬಿಟ್ ಹತ್ರಪ್ಪ ಅಂದೆ. ದೇವ್ರ ನೆತ್ತಿ ಮೇಲೆ ಕಾಲಿಡಾದು ಹೆಂಗೆ ಅಂತಾರೆ. ಕೋಲಲ್ಲಿ ಬಡೀರಪ್ಪ ಅಂದೆ. ದೇವ್ರಿಗೆ ಬಡಿಯಾದಾ ಅಂತಾರೆ. ನಾನ್ ಏನ್ ಮಾಡ್ಲಿ, ಹಣ್ಣೇ, ನೀನೇ ಇಳ್ದು ಬಾ ಅಂತ ಕರೀಲಾ?"

"ಇದನ್ನು ಮಾಡಿದವರು ಯಾರು?"

ಅವರು ಮೆಲ್ಲಗೆ ನಕ್ಕರು. "ನಿಮ್ಮ ಮೆಂಬರಮ್ಮನ ಅತ್ತೆ."

ಆಗ ಹರದನಹಳ್ಳಿಯ ಕಡೆಯಿಂದ ಬಂದ ಬಸ್ಸಿನಿಂದ ಸದಸ್ಯೆಯೂ ಇಳಿದರು. ಒಂದು ಮರ ನೋಡಿದರು, ಎರಡು ನೋಡಿದರು. ಕೈಚೀಲವನ್ನು ಕೆಳಗಿಟ್ಟು ನೇರವಾಗಿ ಮೂರನೆಯ ಮರದಡಿಗೆ ನಡೆದರು. ಅಲ್ಲಿ ಹೆಂಗಸರ ಗುಂಪಿನ ನಡುವೆ, ಕಾಲು ಚಾಚಿ ಬೀಜ ಕುಟ್ಟುತ್ತಿದ್ದ ವೃದ್ಧೆಯೇ ಅತ್ತೆ.

"ಅತ್ತೆಮ್ಮಾ, ನೀರ್ ಬರಾ ದಾರೀಲೇ ದೇವ್ರ ಕೂರ್ಸ್‌ಬುಟ್ಟಿದ್ದೀಯಲ್ಲಾ!"

"ಕೂರ್ಸ್ದೆ ಏನ್ ಮಾಡ್ಲಿ ಕಣಮ್ಮಿ? ಇವ್ರು ನಂಬರ್ ಒಡ್ದು ಓದ್ರು. ನೀನೂ ತವ್ರಿಗೆ ಓದೆ, ಇನ್ಯಾರ್ನ ಕೇಳದು?" ಬಳಿಕ ನನ್ನತ್ತ ತಿರುಗಿದರು. "ಏನಪ್ಪಾ ಮೈಸೂರ್ನೋನೆ, ಓದ್ವರ್ಸ ಆ ತಿರುವ್ನಲ್ಲಿ ನಂಬರ್ ಒಡ್ದ್ರಲ್ಲ, ಆ ಮರ ಎಲ್ಲವ ಈಗ? ತೋರ್ಸು ನೋಡನ."

ಹಿಂದಿನ ವರ್ಷ ತಿರುವನ್ನು ಅಗಲ ಮಾಡಲು ಕೆಲವು ಮರಗಳನ್ನು ಕಡಿದದ್ದು ನಿಜ. ಕಡಿಯುವ ಮುನ್ನ ಅವುಗಳ ಮೇಲೂ ಅಂಕಿ ಬಿದ್ದಿತ್ತು. ಆ ರಸ್ತೆಯ ಬದಿಯಲ್ಲಿ ಬದುಕುವವರಿಗೆ ಮರದ ಮೇಲಿನ ಅಂಕಿಗೆ ಒಂದೇ ಅರ್ಥ. ಮರ ಹೋದರೆ ನೆರಳು ಮಾತ್ರವಲ್ಲ, ಬೇಸಿಗೆಯ ಕೂಲಿಯೂ ಹೋಗುತ್ತದೆ. ದೇವರಾದ ಮರಕ್ಕೆ ಕೊಡಲಿ ಹಾಕಲು ಯಾವ ಕೂಲಿಯವನೂ ಒಪ್ಪುವುದಿಲ್ಲವೆಂಬುದನ್ನು ಅವರೆಲ್ಲ ಬಲ್ಲರು. ಇರುವ ದಾರಿಗಳಲ್ಲಿ ಗಟ್ಟಿಯಾದದ್ದನ್ನೇ ಅವರು ಹಿಡಿದಿದ್ದರು.

"ಇದು ಕಡಿಯುವ ನಂಬರ್ ಅಲ್ಲಮ್ಮ, ಉಳಿಸುವ ನಂಬರ್" ಎಂದೆ.

"ಉಳ್ಸಾಕೂ ನಂಬರ್ ಒಡೀತಾರಾ? ನಮ್ಮನೇಲಿ ಎರಡು ಎಮ್ಮೆ ಉಳ್ಸಿವ್ನಿ. ಒಂದ್ಕೂ ನಂಬರ್ ಒಡ್ದಿಲ್ಲ ಕಣಪ್ಪ."

ಮರದಡಿಯ ಹೆಂಗಸರೆಲ್ಲ ನಕ್ಕರು. ಸದಸ್ಯೆ ಮಾತ್ರ ನಗಲಿಲ್ಲ.

ನಗುವಂಥದ್ದೂ ಆಗಿರಲಿಲ್ಲ. ಮಧ್ಯಾಹ್ನ ರಸ್ತೆ ಕಚೇರಿಯ ಸಹಾಯಕ ಎಂಜಿನಿಯರು ಜೀಪಿನಲ್ಲಿ ಬಂದು ಸಾಲನ್ನು ಒಂದು ಸುತ್ತು ನೋಡಿದರು. ವಿನಯವಂತರು, ಆಯಾಸಗೊಂಡವರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಸಾರ್, ನನ್ನ ಕಣ್ಣಿಗೆ ಇದು ಅರಿಸಿನದ ಉಂಡೆ. ಷರತ್ತಿನ ಹಾಳೆಗೆ ಇದು ಪೂಜಾಸ್ಥಳ. ನೀವು ವರದಿಯಲ್ಲಿ ಪೂಜಾಸ್ಥಳ ಇದೆ ಅಂತ ಬರೆದರೆ ಕಡತ ಕಂದಾಯದವರ ಅಭಿಪ್ರಾಯಕ್ಕೆ ಮೈಸೂರಿಗೆ ಹೋಗುತ್ತೆ. ಮಾರ್ಚ್ ಒಳಗೆ ವಾಪಸ್ ಬರೋದನ್ನ ನಾನಂತೂ ನೋಡಿಲ್ಲ. ಯಾರಾದರೂ ಒರೆಸಿಬಿಟ್ಟರೆ ಒಳ್ಳೇದಿತ್ತು. ನಮ್ಮ ಗ್ಯಾಂಗ್‌ನವರನ್ನ ಕೇಳಿದೆ; ಬೇಕಿದ್ದರೆ ಕೆಲಸ ಬಿಡ್ತೀವಿ, ಬೆನಕನ್ನ ಮುಟ್ಟಲ್ಲ ಅಂದರು."

"ನೀವು?"

"ನಮ್ಮ ತಾಯಿ ಇನ್ನೂ ಇದಾರೆ ಸಾರ್" ಎಂದು ಜೀಪು ಹತ್ತಿದರು.

ಸದಸ್ಯೆ ದೂರ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಬರೀಬ್ಯಾಡಿ ಸಾ. ಮರ ಬರೀರಿ, ಬಾವಿ ಬರೀರಿ. ಅರ್ಸ್ನ ಯಾತಕ್ಕ ಬರೀಬೇಕು?"

ವರದಿಯ ಮೌಲ್ಯ ಇರುವುದು ಅಲ್ಲಿದ್ದದ್ದನ್ನು ಇದ್ದಂತೆ ಹೇಳುವುದರಲ್ಲಿ. ಒಂದು ಸಾಲನ್ನು ಅನುಕೂಲಕ್ಕಾಗಿ ಬಿಟ್ಟರೆ ಮರಗಳ ಬಗ್ಗೆ ಬರೆದ ಸಾಲುಗಳನ್ನೂ ಯಾರೂ ನಂಬಬೇಕಾಗಿಲ್ಲ; ಆಗ ಬೇರು ಕಡಿಯಬಾರದೆಂದು ನಾನು ಹಾಕುವ ಷರತ್ತಿಗೂ ಬೆಲೆ ಇರುವುದಿಲ್ಲ. ಇದನ್ನು ಆಕೆಗೆ ಆದಷ್ಟು ಸರಳವಾಗಿ ಹೇಳಿದೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದೆ: ವರದಿ ಹೇಳಬೇಕಾದದ್ದು ಕೊನೆಯ ಪರಿಶೀಲನೆಯ ದಿನ ರಸ್ತೆಬದಿಯಲ್ಲಿ ಏನಿದೆ ಎಂಬುದನ್ನು. ಅಷ್ಟರೊಳಗೆ ಕೂರಿಸಿದವರೇ, ತಮ್ಮ ಪದ್ಧತಿಯಂತೆ, ಬೆನಕನನ್ನು ಕಳುಹಿಸಿಕೊಟ್ಟರೆ ನಾನು ಸುಳ್ಳು ಬರೆಯಬೇಕಾಗಿಲ್ಲ.

ಆಕೆ ಅತ್ತೆಯ ಬಳಿಗೆ ಹೋದರು. ನಾನೂ ಗುತ್ತಿಗೆದಾರರೂ ಹಿಂದೆ ಹೋದೆವು. ಅತ್ತೆ ಸೊಸೆಯ ಮಾತನ್ನೆಲ್ಲ ಕೇಳಿ, ಕುಟ್ಟಣಿಗೆಯ ಕಲ್ಲು ಪಕ್ಕಕ್ಕಿಟ್ಟರು.

"ಕಳ್ಸು ಅಂತೀಯ. ಕಿತ್ತು ಬಿಸಾಕಾಕ ಅದೇನ್ ಆಲೂಗಡ್ಡೆನ? ಬೆನಕನ್ನ ನೀರ್ಗ ಬುಡ್ಬೇಕು. ನೀರ್ ತೋರ್ಸು, ಈಗ್ಲೇ ಬುಡ್ತೀನಿ."

ಊರಿನ ಕೆರೆಯ ಅಂಗಳ ಬಿರುಕುಬಿಟ್ಟು ಎಷ್ಟೋ ತಿಂಗಳಾಗಿತ್ತು. ಪಂಪ್‌ಸೆಟ್ ಇದ್ದ ತೋಟದ ಬಾವಿಯೊಂದೇ ಗತಿ. ಅಲ್ಲಿ ಬಿಡಬಹುದೇ ಎಂದು ಯಾರೋ ಕೇಳಿದರು.

"ಕುಡಿಯಾ ಬಾವೀಲಿ ಇಷ್ಟೊಂದ್ ಬೆನಕನ್ನ ಬುಟ್ರ ನಾಳಿಂದ ಊರೋರೆಲ್ಲ ಅರ್ಸ್ನದ ನೀರ್ನೇ ಕುಡೀಬೇಕು."

ದೇವರು ಹೊರಡದೆ ಪೈಪು ಬರುವಂತಿಲ್ಲ, ನೀರಿಲ್ಲದೆ ದೇವರು ಹೊರಡುವಂತಿಲ್ಲ. ಗುತ್ತಿಗೆದಾರರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಲಾರೀಲಿ ಡ್ರಮ್ ಇದೆ. ಚಾಮರಾಜನಗರದಿಂದ ತುಂಬಿಸ್ಕೊಂಡು ಬಂದ್ಬಿಡ್ತೀನಿ."

"ಡ್ರಮ್ನಾಗ ದೇವ್ರ ಬುಡಾದಾ? ನಿಮ್ಮನೆ ಮದ್ವೆ ಊಟಾನ ಡ್ರಮ್ನಲ್ಲೇ ಆಕಿಯಾ ಸಾಬ್ರೆ?"

"ಡ್ರಮ್ ಅಲ್ಲಮ್ಮ, ಅದಕ್ಕಿಂತ ದೊಡ್ಡ ದೇಗ್ಚಾ ಪಾತ್ರೇಲಿ. ಬಂದು ಊಟ ಮಾಡಿ, ಗೊತ್ತಾಗುತ್ತೆ."

ಮುದುಕಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ನಡುವೆ ಸದಸ್ಯೆ, "ಅತ್ತೆಮ್ಮ, ಬೋರ್‌ವೆಲ್ ಅದಲ್ಲ!" ಎಂದರು. "ಮೋಟಾರ್ ಇಳ್ಸವ್ರೆ. ನೀರ್ ಬೀಳಾ ಕಡ ಗುಂಡಿ ತೋಡವ್ರೆ. ಅಲ್ಗೇ ಓಗನ."

ಅತ್ತೆ ಮರಡಿಯ ಕಡೆ ಕಣ್ಣು ಹಾಯಿಸಿದರು. ಬೋರ್‌ವೆಲ್ಲು ದೇವರ ಕೆಲಸಕ್ಕೆ ಆದೀತೇ ಎಂಬ ಪ್ರಶ್ನೆ ಆ ಬೀದಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲವೆಂದು ಕಾಣುತ್ತದೆ. "ಅದೂ ಭೂಮ್ತಾಯಿ ಒಟ್ಟೇಲಿರಾ ಗಂಗೆನೇಯ. ಆಯ್ತದ ಬುಡು" ಎಂದರು. ಆದರೆ ಎರಡು ಷರತ್ತು ಹಾಕಿದರು: ಲಾರಿಯಲ್ಲಿ ಹೋಗುವಂತಿಲ್ಲ, ನಡೆದೇ ಹೋಗಬೇಕು, ಯಾವ ಮರದಡಿ ಯಾರು ಕೂರಿಸಿದರೋ ಅವರೇ ಎತ್ತಿಕೊಳ್ಳಬೇಕು.

ಮರುದಿನ ಬೆಳಗ್ಗೆ ಹೊರಟರು. ನಾನು ಅಳತೆಪಟ್ಟಿ, ನಕ್ಷೆ ಹಿಡಿದು ಅವರ ಹಿಂದೆ ಹೊರಟದ್ದು ಕೊನೆಯ ಪರಿಶೀಲನೆಗಾಗಿ. ಒಂದೊಂದು ಮರದ ಹತ್ತಿರವೂ ಒಬ್ಬೊಬ್ಬಳು ಬಗ್ಗಿ, ಕೈಮುಗಿದು, ಎಲೆಯ ಸಮೇತ ಬೆನಕನನ್ನು ಮೊರಕ್ಕೆ ಎತ್ತಿಟ್ಟುಕೊಂಡು, ಕಾಂಡದ ದಾರ ಬಿಚ್ಚಿ, ನಮ್ಮ ಸಾಲಿಗೆ ಸೇರುತ್ತಿದ್ದಳು. ಅದು ಪೈಪು ಹೋಗಬೇಕಾದ ದಾರಿಯೇ ಆಗಿದ್ದುದರಿಂದ ಮಾತು ತಾನಾಗಿ ಪೈಪಿನ ಕಡೆಗೆ ತಿರುಗಿತು. ಶಾಲೆಯ ಜಗುಲಿಯಲ್ಲಿ ನನಗೆ ಸಿಗದಿದ್ದ ಸಭೆ ರಸ್ತೆಯ ಮೇಲೆ, ನಡೆಯುತ್ತ, ಎಲ್ಲರೂ ಒಟ್ಟಿಗೆ ಮಾತಾಡುತ್ತ ನಡೆಯಿತು.

"ಪೈಪ ಈ ಕಡ ಆಕ್ಬ್ಯಾಡಿ ಸಾ, ಮಳೆ ಬಂದ್ರ ಚರಂಡಿ ಉಕ್ಕಿ ಕೊಚ್ಕೊಂಡ್ ಓಯ್ತದ."

"ಏ, ಸುಮ್ನಿರಮ್ಮಿ, ಆ ಕಡ ಆಕ್ಬುಟ್ರ ನಿನ್ ಒಲದ ಬದು ಬತ್ತದ ಅಂತ ತಾನೆ ನೀನ್ ಏಳಾದು?"

"ನನ್ ಒಲ ನನ್ಗೆ ಗೊತ್ತಿಲ್ವಾ? ಬದು ಅಗೀಲಿ, ನಂದೇನ್ ತಕರಾರಿಲ್ಲ. ನಿನ್ ಮನೆ ಮುಂದ್ಲ ನಲ್ಲಿ ಒಂದ್ ಗೇಣು ನನ್ ಕಡ ಸರೀಲಿ, ಅಷ್ಟೆಯ."

"ಮರದ ಬುಡ್ದಲ್ಲೇ ಓಗ್ಲಿ ಸಾ" ಎಂದಳು ಇನ್ನೊಬ್ಬಳು. "ಸೋರಿದ್ರ ಮರಕ್ಕಾದ್ರೂ ನೀರಾಯ್ತದ."

ಬೇರಿನ ಮೇಲೆ ಪೈಪು ಇಟ್ಟರೆ ಬೇರೇ ಅದನ್ನು ಎತ್ತಿ ಒಡೆಯುತ್ತದೆಂದು ನಾನು ವಿವರಿಸಿದೆ. ಅವಳು ಒಪ್ಪಲಿಲ್ಲ. ಅವಳ ಗಂಡನ ಮನೆಯ ತೋಟದಲ್ಲಿ ಹಾಗೆ ಆಗಿಲ್ಲವಂತೆ. ಚರಂಡಿಯ ಬಗ್ಗೆ ಹೇಳಿದವಳ ಮಾತು ಮಾತ್ರ ಸರಿಯೆಂದು ಮಣ್ಣಿನ ಕೊರೆತ ನೋಡಿದಾಗ ಕಂಡಿತು. ಕಚೇರಿಯ ನಕ್ಷೆಯಲ್ಲಿ ಪೈಪಿನ ಗೆರೆ ಮರಗಳಿಗೂ ಚರಂಡಿಗೂ ನಡುವೆ ಇತ್ತು. ಮರದ ಹೊರಬದಿಯಲ್ಲಿ, ದನಗಳು ನಡೆದು ಗಟ್ಟಿಯಾದ ಒಂದು ಪಟ್ಟಿ ಹೊಲದ ಬದುವಿಗೆ ಅಂಟಿಕೊಂಡು ಸಾಗಿತ್ತು. ಅಳೆದು ನೋಡಿದೆ, ಮೋರಿಯವರೆಗೆ ಅಲ್ಲಿ ಬೇರಿನ ಕಾಟ ಕಡಿಮೆ. ಮೋರಿಯಿಂದಾಚೆಗೆ ಪಟ್ಟಿ ಕಿರಿದಾಗುತ್ತದೆ. ಅಲ್ಲಿ ರಸ್ತೆ ದಾಟಿ ಎದುರು ಬದಿಗೆ ಹೋಗಬೇಕು, ಆಲದಿಂದ ಆದಷ್ಟು ದೂರ ಉಳಿಯಬೇಕು. ಬದುವಿನ ಒಡತಿಯರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ, ನಕ್ಷೆಯ ಮೇಲೆ ಹೊಸ ಗೆರೆ ಎಳೆಯುತ್ತ ಹೋದೆ. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮಂಜು ಕರಗಿ ಬಿಸಿಲು ಏರುವ ಹೊತ್ತಿಗೆ ಬೋರ್‌ವೆಲ್ ಸೇರಿದೆವು.

ವಿದ್ಯುತ್ ಇರಲಿಲ್ಲ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮೊರಗಳನ್ನು ಹೊಂಗೆಯ ನೆರಳಿನಲ್ಲಿ ಸಾಲಾಗಿ ಇಟ್ಟು ಎಲ್ಲರೂ ಕುಳಿತರು. ಗುತ್ತಿಗೆದಾರರು ಲಾರಿಯಲ್ಲಿ ಬಂದವರು ಅದನ್ನು ದೂರದಲ್ಲೇ ನಿಲ್ಲಿಸಿ, ನಡೆದು ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತರು. ಸದಸ್ಯೆ ಮಾತ್ರ ಕೂರಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಆರಿದ ಕೆಂಪು ದೀಪ ನೋಡುತ್ತ ನಿಂತೇ ಇದ್ದರು. ಆ ದಿನ ಬೆನಕರು ಹೊರಡದಿದ್ದರೆ ವರದಿ ಇನ್ನೊಂದು ವಾರ ಮುಂದಕ್ಕೆ ಹೋಗುತ್ತಿತ್ತು; ವರದಿ ತಡವಾದರೆ ಕಡತ ತಡ, ಕಡತ ತಡವಾದರೆ ಮಾರ್ಚ್ ದಾಟುತ್ತಿತ್ತು. ಬೆನಕರನ್ನು ಮತ್ತೆ ಮರದಡಿಗೆ ಒಯ್ದು ಕೂರಿಸಬೇಕಾಗುತ್ತದೋ ಏನೋ ಎಂದು ಯಾರೋ ಗುಟ್ಟಾಗಿ ಅನ್ನುತ್ತಿದ್ದರು. ಆಕೆ ತಿರುಗಿ ನೋಡಲಿಲ್ಲ.

ದೀಪ ಹೊತ್ತಿತು. ಆಕೆ ಸ್ವಿಚ್ ಒತ್ತಿದರು. ಪೈಪು ಒಂದೆರಡು ಸಲ ಕೆಮ್ಮಿ, ಕೆಸರು ಉಗುಳಿ, ಆಮೇಲೆ ತೋಳಿನಷ್ಟು ದಪ್ಪವಾಗಿ ತಿಳಿನೀರನ್ನು ಎಸೆಯತೊಡಗಿತು. ಹೆಂಗಸರು ಮೊರಗಳನ್ನು ಮರೆತು ಎದ್ದು ನಿಂತರು. ಬೋರಿನಲ್ಲಿ ನೀರು ಬಿದ್ದಿದೆ ಎಂಬುದನ್ನು ಅವರೆಲ್ಲ ಕೇಳಿದ್ದರೇ ಹೊರತು ಕಂಡಿರಲಿಲ್ಲ. ಒಬ್ಬಳು ಬೊಗಸೆಯೊಡ್ಡಿ ಕುಡಿದು, "ಉಪ್ಪಿಲ್ಲ ಕಣ್ರಮ್ಮೀ, ಸೀನೀರು!" ಎಂದು ಕೂಗಿದಳು. ಅತ್ತೆ ಎಲ್ಲರನ್ನೂ ಗದರಿದರು: "ಮೊದ್ಲು ದೇವ್ರ ಕಳ್ಸಿ, ಆಮೇಲ ಕುಡೀರಿ!" ಗುಂಡಿ ತುಂಬಿದ ಮೇಲೆ ಒಬ್ಬೊಬ್ಬರಾಗಿ ಇಳಿದು ಬೆನಕನನ್ನು ಬಿಟ್ಟರು. ಅರಿಸಿನ ಕರಗಿ ನೀರು ಹಳದಿಯಾಯಿತು, ಆಮೇಲೆ ಗರಿಕೆಗಳು ಮಾತ್ರ ತೇಲಿದವು.

ಹಿಂದಿರುಗುವಾಗ ಎಲ್ಲರ ಸೆರಗೂ ಒದ್ದೆ. ತೇವದ ಬಟ್ಟೆಯಿಂದ ಮರಗಳ ಮೇಲಿನ ಅರಿಸಿನವನ್ನೂ ಕುಂಕುಮವನ್ನೂ ಒರೆಸುತ್ತ ಬಂದರು. ಅತ್ತೆ ಒರೆಸಿದ ಕಡೆ ನಮ್ಮ ಅಂಕಿಯೂ ಅಳಿಸಿಹೋಯಿತು. ಅವರು ಕೆಂಪಾದ ಸೆರಗನ್ನು ನೋಡಿದರು, ಮರ ನೋಡಿದರು, ಬೆರಳಿನಿಂದ ತೊಗಟೆ ಸವರಿದರು.

"ಇದು ನೀರ್ಗೇ ಓಯ್ತದ!"

"ಕೆಮ್ಮಣ್ಣಮ್ಮ. ಒಂದು ಮಳೆ ಬಂದರೆ ಹೋಗುತ್ತದೆ" ಎಂದೆ.

"ಕಡಿಯೋರು ಮಚ್ನಲ್ಲಿ ತೊಗ್ಟೆ ಎಬ್ಸಿ, ಅದ್ರ ಮ್ಯಾಲ ಸುತ್ಗೆ ಗುರ್ತು ಒಡೀತಿದ್ರು. ಪೇಂಟು ಬೇರೆ. ನಿಂದು ಬರೀ ಮಣ್ಣು." ನನ್ನತ್ತ ತಿರುಗಿದರು. "ಮೊದ್ಲೇ ಏಳಬಾರ್ದಾ? ಬಾಯಿಲ್ವಾ ನಿಂಗೆ?" ಆಮೇಲೆ ಮುಂದಿನ ಮರದಲ್ಲಿ ಅಂಕಿಯ ಅಕ್ಕಪಕ್ಕ ಮಾತ್ರ ಎಚ್ಚರಿಕೆಯಿಂದ ಒರೆಸಿದರು. ಅಳಿಸಿಹೋದ ಒಂದು ಮರವನ್ನು ನಾನು ವರದಿಯಲ್ಲಿ 'ಸಂಖ್ಯೆ ಅಳಿಸಿದೆ, ಮರ ಇದೆ' ಎಂದೇ ದಾಖಲಿಸಿದೆ. ಹೊಸ ಗೆರೆಯ ನಕ್ಷೆ, ಬೇರಿರುವ ಕಡೆ ಯಂತ್ರ ಬಳಸದೆ ಕೈಯಿಂದಲೇ ಅಗೆಯಬೇಕೆಂಬ ಸಲಹೆ, ಸ್ಥಳೀಯರ ಅಭಿಪ್ರಾಯವೆಂಬ ಶೀರ್ಷಿಕೆಯ ಕೆಳಗೆ ಹೆಂಗಸರು ರಸ್ತೆಯ ಮೇಲೆ ಆಡಿದ ಮಾತುಗಳ ಸಾರ, ಇಷ್ಟೂ ಸೇರಿ ವರದಿ ಹೊರಟಿತು.

ಅನುಮತಿ ಬಂದದ್ದು ಯುಗಾದಿಗೆ ಮುಂಚೆ ಎಂದು ನನ್ನ ನೆನಪು. ಪಂಚಾಂಗ ತೆಗೆದು ನೋಡಿದರೆ ಆ ವರ್ಷ ಯುಗಾದಿ ಮಾರ್ಚ್ ತಿಂಗಳಲ್ಲೇ ಬಿದ್ದಿತ್ತು. ಹಾಗಾಗಿ ನೆನಪು ಹೊಂದುತ್ತದೆ. ಸದಸ್ಯೆಯ ಟೆಲಿಫೋನ್ ಬಂದದ್ದು ಹಬ್ಬದ ಮುನ್ನಾದಿನವೋ ಅದರ ಹಿಂದಿನ ದಿನವೋ ಎಂಬುದನ್ನು ಮಾತ್ರ ತೀರ್ಮಾನಿಸಲಾರೆ. ಬಸ್ ನಿಲ್ದಾಣದ ಮೂಲೆಯ ಬೂತಿನಿಂದ ಮಾತಾಡುತ್ತಿದ್ದ ಆಕೆ ಹೇಳಿದ್ದು ಒಂದೇ ಮಾತು: "ಗುದ್ಲಿ ಬಿತ್ತು ಸಾ."

ಕೆಲಸ ಮುಗಿದ ಮೇಲಿನ ಪರಿಶೀಲನೆಗೆ ಹೋದದ್ದು ಜೂನ್ ತಿಂಗಳ ಮೊದಲ ಭಾಗದಲ್ಲಿ. ಹುಣಸೆಗಳು ಹೊಸ ಚಿಗುರು ಹೊತ್ತಿದ್ದವು. ಅಗೆದ ಗೆರೆ ಬದುವಿನ ಪಕ್ಕದಲ್ಲಿ, ನಕ್ಷೆಯಲ್ಲಿದ್ದಂತೆಯೇ ಸಾಗಿತ್ತು. ಎರಡು ಕಡೆ ಬೇರು ಉಳಿಸಲು ಪೈಪನ್ನು ಬಾಗಿಸಿದ್ದರು. ಆಲದ ಬಳಿ ಮಾತ್ರ ಹೇಳಿದ್ದಕ್ಕಿಂತ ಹತ್ತಿರ ಅಗೆದಿದ್ದರು; ಅದನ್ನು ಬರೆದುಕೊಂಡೆ. ಕೆಳಗಿನ ಬೀದಿಗೆ ಬರುವಷ್ಟರಲ್ಲಿ ನಲ್ಲಿ ಬಿಟ್ಟಿದ್ದರು. ಕೊಡಗಳ ಸಾಲು, ಜಗಳ, ನಗು. ಕರೆಂಟು ಇದ್ದಾಗ ಮಾತ್ರ ನೀರು ಎಂಬ ದೂರು ಅಷ್ಟರಲ್ಲೇ ಹುಟ್ಟಿಕೊಂಡಿತ್ತು.

"ನಲ್ಲಿ ತರ್ಸಿದ್ದು ನೀನು, ಕರೆಂಟ್ ತರ್ಸೋರು ಯಾರಮ್ಮಿ?" ಎಂದು ಒಬ್ಬಾಕೆ ಸದಸ್ಯೆಯನ್ನು ಕೇಳುತ್ತಿದ್ದಳು.

"ಓಟ್ ಕೇಳಾಗ ಕರೆಂಟ್ ಏಳಿರ್ನಿಲ್ಲ ಕಣಕ್ಕ, ನೆಪ್ಪು ಮಾಡ್ಕ."

ನನ್ನನ್ನು ಕಂಡು ಆಕೆ ಹತ್ತಿರ ಬಂದರು. ಮೋರಿಯಾಚೆಯ ಬೀದಿಗೂ ಪೈಪು ಬೇಕಂತೆ. ಅರ್ಜಿಯನ್ನು ತಾವೇ ಬರೆದಿದ್ದಾರಂತೆ. ಅಧ್ಯಯನಕ್ಕೆ ಏನೇನು ಬೇಕೆಂದು ಈಗ ಗೊತ್ತಿದೆಯಂತೆ. ಹಾಗಾದರೆ ಮೊದಲು ಸ್ಥಳೀಯರ ಸಭೆ ಕರೆಯಬೇಕಲ್ಲ, ಶಾಲೆಯ ಜಗುಲಿಯನ್ನು ಕೇಳಿದ್ದೀರಾ ಎಂದೆ.

"ಸ್ಕೂಲ್ ಯಾತಕ್ಕ ಸಾ? ಆ ಬೀದಿ ಎಂಗಸ್ರೆಲ್ಲ ಈಗ ಇಲ್ಗೇ ನೀರಿಗ್ ಬತ್ತಾರ." ಆಕೆ ಸಾಲಿನ ಕಡೆ ತಿರುಗಿ ದನಿ ಎತ್ತಿದರು: "ಕೇಳ್ರಮ್ಮೀ, ಮೋರಿ ಆಚೆಯೋರು ಕೊಡ ತುಂಬಿದ್ ಮ್ಯಾಲ ಓಗ್ಬುಡ್ಬ್ಯಾಡಿ. ಸಾಹೇಬ್ರು ಬಂದವ್ರೆ, ನಿಮ್ ಕಡ ಯಾವ್ ಮರ ಎಲ್ಲದ, ಚರಂಡಿ ಎಲ್ಲಿ ಉಕ್ಕತದ, ಎಲ್ಲಾ ಏಳಿ."

ಮೂವರೋ ನಾಲ್ವರೋ ತುಂಬಿದ ಕೊಡಗಳನ್ನು ಕಟ್ಟೆಯ ಮೇಲಿಟ್ಟು ನನ್ನತ್ತ ಬಂದರು. ಒಬ್ಬಳು ಬರುವಾಗಲೇ ಮಾತು ಶುರುಮಾಡಿದ್ದಳು. ನಾನು ನಕ್ಷೆಯನ್ನು ಕಟ್ಟೆಯ ಒಣಗಿದ ಕಡೆ ಬಿಡಿಸಿದೆ.